ಮುಂದಿನ ಚಕ್ರ ಒಂದು ಗೇಣು ಎದ್ದ ವಿಷಯ

ಹಾಸನ
ಫೆಬ್ರವರಿ 9

ಪ್ರೀತಿಯ ಪುಟ್ಟೂ,

ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಕಾಫಿ ರೇಟು, ಪಾಲುಪತ್ರ, ನಿನ್ನ ಅಮ್ಮನ ಮಂಡಿನೋವು, ಎಲ್ಲಾ ಓದಿದೆ. ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಮೂರನೇ ಪುಟದಲ್ಲಿ ಒಂದು ಸಾಲು ಇದೆಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. 'ಏರಿನಲ್ಲಿ ದಿಮ್ಮಿ ಸಿಕ್ಕಿಹಾಕಿಕೊಂಡು ಟ್ರ್ಯಾಕ್ಟರಿನ ಮುಂದಿನ ಚಕ್ರ ಒಂದು ಗೇಣು ಎದ್ದಿತು. ಮೇಸ್ತ್ರಿ ತಾವಾಗೇ ಬಂದು ಬಂಪರ್ ಹತ್ತಿ ನಿಂತರು, ಸರಿಹೋಯಿತು.' ಇಷ್ಟು ಬರೆದು ನೀನು ಮೆಣಸಿನ ವಿಷಯಕ್ಕೆ ಹೋಗಿಬಿಟ್ಟಿದ್ದೀಯ.

ಒಂದು ಗೇಣು ಅಂದರೆ ಎಷ್ಟು ಅಂತ ರಾತ್ರಿ ಎದ್ದು ಕೂತು ಕೈ ಅಗಲಿಸಿ ನೋಡಿಕೊಂಡೆ ಮಗಾ.

ಹಿಂದಿನ ಚಕ್ರ ಮುಂದೆ ಹೋಗಲಾರದೆ ನಿಂತರೆ ಇಂಜಿನ್ ಸುಮ್ಮನಿರುವುದಿಲ್ಲ. ಚಕ್ರ ಉರುಳದಿದ್ದರೆ ಗಾಡಿಯ ಮೈಯನ್ನೇ ಎತ್ತುತ್ತದೆ. ಮೂತಿ ಎದ್ದ ಮೇಲೆ ಪೂರ್ತಿ ಹಿಂದಕ್ಕೆ ಮಗುಚುವುದಕ್ಕೆ ಒಂದೂವರೆ ಸೆಕೆಂಡು ಸಾಕು. ಅದರ ಅರ್ಧ ಹೊತ್ತಿಗೇ ಗಾಡಿ ಕೈ ಮೀರಿರುತ್ತದೆ. ಏನೋ ಆಗ್ತಿದೆ ಅಂತ ತಲೆಗೆ ಹೊಳೆದು, ಕಾಲು ಕ್ಲಚ್ಚಿಗೆ ಹೋಗುವಷ್ಟು ಹೊತ್ತೂ ಸಿಗುವುದಿಲ್ಲ. ನಿನ್ನ ಗಾಡಿ ಎದ್ದು ಮತ್ತೆ ಇಳಿದಿದೆ. ದಿಮ್ಮಿ ಸ್ವಲ್ಪ ಜರುಗಿತೋ, ಚಕ್ರದ ಕೆಳಗೆ ಮಣ್ಣು ಸಡಿಲ ಇತ್ತೋ. ಮೇಸ್ತ್ರಿಯವರ ತೂಕದಿಂದ ಅಲ್ಲ. ಒಬ್ಬ ಮನುಷ್ಯನ ತೂಕ ಅಲ್ಲಿ ಏನು ಲೆಕ್ಕ?

ನಿನ್ನ ಅಜ್ಜನ ಕಾಲದಲ್ಲಿ ಕೆಳಗಿನ ಹಳ್ಳದಿಂದ ನಾಟ ಎಳೆಯೋಕೆ ಆನೆ ಬರುತ್ತಿತ್ತು. ಬೇಲಿ ಪಕ್ಕ ಕೂತು ನೋಡುವುದೇ ನನಗೆ ಕೆಲಸ. ದಿಮ್ಮಿಗೆ ಕಟ್ಟಿದ ಹಗ್ಗದ ತುದಿಯನ್ನು ಅದು ಹಲ್ಲಿನಲ್ಲಿ ಕಚ್ಚಿಕೊಂಡು ಎಳೆಯುತ್ತಿತ್ತು. ಒಂದು ಸಲ ದಿಮ್ಮಿ ಇಳಿಜಾರಿಗೆ ಹೊರಳಿತು. ಆನೆ ಬಾಯಿ ಬಿಟ್ಟಿತು, ಅಷ್ಟೇ. ಹಗ್ಗ ಜಾರಿತು, ದಿಮ್ಮಿ ಹಳ್ಳಕ್ಕೆ ಹೋಯಿತು, ಆನೆ ಕಿವಿ ಬೀಸಿಕೊಂಡು ನಿಂತಿತು. ನಿನ್ನ ಕಾಗದ ಓದಿದ ಮೇಲೆ ಅದೇ ನೆನಪಿಗೆ ಬರುತ್ತಿದೆ. ಟ್ರ್ಯಾಕ್ಟರಿಗೆ ಹಾಗೆ ಬಿಡಲು ಬರುವುದಿಲ್ಲ. ಬಿಡಬೇಕಾದವನು ನೀನು.

ಈಗ ನಾನು ಯಾರಿಗೂ ಹೇಳದ ಒಂದು ವಿಷಯ ಬರೆಯುತ್ತೇನೆ. 1986ರ ಮಾರ್ಚ್. ನಮಗೆ ಆಗ ವೈರ್ ರೋಪ್ ಸುತ್ತಿ ದಿಮ್ಮಿ ಎಳೆಯುವ ವಿಂಚ್ ಇರಲಿಲ್ಲ. ಸಿಲ್ವರ್ ಓಕ್ ದಿಮ್ಮಿಗೆ ಸರಪಳಿ ಸುತ್ತಿ, ಇನ್ನೊಂದು ತುದಿಯನ್ನು ಸೀಟಿನ ಹಿಂದೆ ಟಾಪ್ ಲಿಂಕ್ ಸಿಕ್ಕಿಸುವ ಜಾಗಕ್ಕೆ ಕಟ್ಟಿದ್ದೆ. ಮೇಲೆ ಕಟ್ಟಿದರೆ ದಿಮ್ಮಿಯ ಮೂಗು ಎದ್ದು ಸಲೀಸಾಗಿ ಬರುತ್ತದೆ ಅಂತ ನನ್ನ ಲೆಕ್ಕ. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಆ ಸರಪಳಿಯೇ ಗಾಡಿಯನ್ನು ಹಿಂದಕ್ಕೆ ಕೆಡವುತ್ತದೆ ಅಂತ ಗೊತ್ತಿರಲಿಲ್ಲ. ಮೂತಿ ಸ್ವಲ್ಪ ಎದ್ದಿತು. ಕೆಲಸಕ್ಕೆ ಬರುತ್ತಿದ್ದ ಹುಡುಗ, ಇಪ್ಪತ್ತು ವರ್ಷ, ಪಕ್ಕದಲ್ಲಿ ನಿಂತಿದ್ದ. 'ಹತ್ತೋ ಮುಂದೆ' ಅಂದೆ. ಹತ್ತಿದ. ಎರಡನೇ ಸಲ ಎಳೆದಾಗ ಮೂತಿ ಅವನನ್ನೂ ಸೇರಿಸಿ ಎದ್ದಿತು. ಹೆದರಿ ಹಾರಿದ. ನಾನು ಕ್ಲಚ್ ತುಳಿದೆ, ಚಕ್ರ ಕೆಳಗೆ ಬಂತು. ಅವನ ಪಾದದ ಮೇಲೆ.

ಏಣಿ ಹತ್ತಿ ಮೆಣಸು ಕೊಯ್ಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆಮೇಲೆ ಅವನು ಏಣಿ ಹತ್ತಲಿಲ್ಲ. ಕಣದಲ್ಲಿ ಕೂತು ಕಾಫಿ ಆರಿಸುತ್ತಿದ್ದ. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ. ಅವನು ತಾನಾಗೇ ಹತ್ತಿದ ಅಂತ. ನಿನ್ನ ಅಪ್ಪ ಇವತ್ತಿಗೂ ಹಾಗೇ ನಂಬಿದ್ದಾನೆ. ಆ ಹುಡುಗ ಒಂದು ದಿನವೂ 'ನೀವೇ ಅಲ್ವಾ ಹತ್ತು ಅಂದಿದ್ದು' ಅನ್ನಲಿಲ್ಲ. ಈಗ ಅವನಿಲ್ಲ. ಕೇಳಬೇಕಾದ ಕ್ಷಮೆ ಕೇಳದೆ ಉಳಿಯಿತು.

ಅದಕ್ಕೇ ನಿನ್ನ 'ತಾವಾಗೇ' ಅನ್ನುವ ಪದ ನೋಡಿ ನನ್ನ ಕೈ ನಡುಗಿತು. ನಿಜವಾಗಿ ತಾವಾಗೇ ಹತ್ತಿದ್ದರೂ, ಇಳಿಸಬೇಕಾಗಿದ್ದು ಸೀಟಿನಲ್ಲಿ ಕೂತ ನೀನು.

ವಿಂಚ್ ಬಗ್ಗೆ ನನಗಿಂತ ನಿನಗೇ ಜಾಸ್ತಿ ಗೊತ್ತು. ಆದರೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ದಿಮ್ಮಿ ಬಿದ್ದಲ್ಲಿಗೆ ಗಾಡಿ ಇಳಿಸಿ, ಕಟ್ಟಿಕೊಂಡು ಏರು ಹತ್ತಿಸುತ್ತೀಯಲ್ಲ, ಅದು ಬೇಡ. ಮೇಲೆ ರಸ್ತೆಯ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ವಿಂಚಿನ ಬ್ಲೇಡನ್ನು ನೆಲಕ್ಕೆ ಊರು. ವೈರ್ ರೋಪ್ ಎಳೆದುಕೊಂಡು ದಿಮ್ಮಿಯೇ ನಿನ್ನ ಹತ್ತಿರ ಬರಲಿ. ಗಾಡಿ ರೋಪಿನ ನೇರಕ್ಕೇ ಇರಲಿ, ಓರೆಯಾಗಿ ಎಳೆದರೆ ಪಕ್ಕಕ್ಕೆ ಮಗುಚುತ್ತದೆ. ನೇರ ಸಿಗದಿದ್ದರೆ ಗಟ್ಟಿ ಮರಕ್ಕೆ ಕಪ್ಪಿ ಕಟ್ಟು. ಆದರೆ ರೋಪು ಕಪ್ಪಿಯಲ್ಲಿ ಬಾಗಿ ತಿರುಗುವ ಆ ಮೂಲೆಯ ಒಳಗಡೆ ಒಬ್ಬರೂ ನಿಲ್ಲಬಾರದು. ದಿಮ್ಮಿಯ ಕೆಳಗಿನ ಇಳಿಜಾರಿನಲ್ಲೂ ಅಷ್ಟೆ.

ಎಳೆಯುವ ಮೊದಲು ಆ ದಾರಿಯಲ್ಲಿ ಒಮ್ಮೆ ನಡೆದು ಬಾ. ನಿನ್ನ ದಿಮ್ಮಿ ಸಿಕ್ಕಿಕೊಂಡಿದ್ದು ಹಳೇ ಮರದ ಬುಡಕ್ಕೆ ಅಂತ ಬರೆದಿದ್ದೀಯ. ನಡೆದಿದ್ದರೆ ಕಾಣುತ್ತಿತ್ತು. ಸಿಕ್ಕಿಕೊಂಡರೆ ಇನ್ನಷ್ಟು ಎಳೆಯುವುದಲ್ಲ, ರೋಪು ಸಡಿಲ ಬಿಟ್ಟು ಹೋಗಿ ದಿಮ್ಮಿ ಹೊರಳಿಸುವುದು.

ಇನ್ನೊಂದು. ವ್ಯಾಪಾರಿ ಹೇಳಿದ ಅಡಿ ಲೆಕ್ಕದ ಮೇಲೆ ತೂಕ ಅಂದಾಜು ಮಾಡಬೇಡ. ಸುತ್ತಳತೆಯ ಕಾಲುಭಾಗ ಹಿಡಿದು ಮಾಡುವ ಆ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮರ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಅಡಿ ಸುತ್ತಳತೆಯ ಹನ್ನೆರಡು ಅಡಿ ದಿಮ್ಮಿ ಅವರಿಗೆ 12 ಘನ ಅಡಿ. ನಿನ್ನ ಗಾಡಿ ಎಳೆಯುವುದು 15ಕ್ಕೂ ಮೇಲೆ. ಅದೂ ಹಸಿ ಮರ.

ಪಂಚೆ ಉಟ್ಟುಕೊಂಡು, ಇಂಜಿನ್ನಿನಿಂದ ವಿಂಚನ್ನು ತಿರುಗಿಸುವ ಪಿಟಿಒ ಶಾಫ್ಟಿನ ಹತ್ತಿರ ಯಾರೂ ಹೋಗದಿರಲಿ. ಶಾಫ್ಟಿನ ಮೇಲಿನ ಕವರ್ ಇದೆ ತಾನೇ? ರೋಪಿನಲ್ಲಿ ಎಳೆ ಕಿತ್ತಿದ್ದರೆ ಹೊಸದು ಹಾಕಿಸು, ದುಡ್ಡು ನಾನು ಕೊಡುತ್ತೇನೆ. ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಹಾಕಿಸು, ಹಾಕಿಸಿದ ಮೇಲೆ ಬೆಲ್ಟ್ ಕಟ್ಟಿಕೋ. ಚೌಕಟ್ಟಿಲ್ಲದ ಗಾಡಿಗೆ ಬೆಲ್ಟ್ ಬೇಡ.

ಮತ್ತೆ ಅಲ್ಲಿಗೇ ಬರುತ್ತೇನೆ. ಮುಂದಿನ ಚಕ್ರ ಹಗುರ ಅನಿಸಿದರೆ ಮುಂದೆ ಕಟ್ಟುವ ಕಬ್ಬಿಣದ ತೂಕ ಅಂಗಡಿಯಲ್ಲಿ ಸಿಗುತ್ತದೆ. ರಸ್ತೆಯಲ್ಲಿ ಸಾಗಿಸುವಾಗಲೂ ದಿಮ್ಮಿಯನ್ನು ತುಂಬಾ ಮೇಲಕ್ಕೆ ಎತ್ತಿ ಕಟ್ಟಬೇಡ, ಮೂಗು ನೆಲ ಬಿಟ್ಟರೆ ಸಾಕು. ಅಷ್ಟಕ್ಕೂ ಮುಂದಿನ ಚಕ್ರ ಎದ್ದರೆ ದಿಮ್ಮಿ ದೊಡ್ಡದಾಯಿತು ಅಂತಲೇ ಅರ್ಥ. ಅಲ್ಲೇ ಎರಡು ತುಂಡು ಮಾಡು. ವ್ಯಾಪಾರಿ ರೇಟು ಇಳಿಸುತ್ತಾನೆ, ಇಳಿಸಲಿ.

ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಸಕಲೇಶಪುರದಲ್ಲಿ ಜೀಪು ತಂದಿರು. ಆ ದಿಮ್ಮಿ ಅಲ್ಲಿಯವರೆಗೆ ಇದ್ದಲ್ಲೇ ಇರಲಿ. ಮೇಸ್ತ್ರಿಯವರಿಗೂ ಆ ದಿನ ರಜೆ ಹಾಕಬೇಡಿ ಅಂತ ಹೇಳು. ಅವರ ಹತ್ತಿರ ನಾನು ಸ್ವಲ್ಪ ಮಾತಾಡಬೇಕು. ನಿನ್ನ ಅಪ್ಪನ ಹತ್ತಿರವೂ.

ನಿನ್ನ
ದೊಡ್ಡಪ್ಪ