ಜೆಸಿ ರೋಡಲ್ಲಿ ಸಿಕ್ಕಿದ ಪುಣ್ಯಾತ್ಮರಿಗೆ

ಕಾಲೇಜಲ್ಲಿ ಫ್ರೆಂಡ್ ಹಿಂದೆ ಕೂತು ಸುತ್ತಿದ ಯಮಹಾ ಆರ್‌ಎಕ್ಸ್ 100, 1996ಕ್ಕೇ ತಯಾರಿಕೆ ನಿಂತೋದ ಗಾಡಿ, ಈ ವಯಸ್ಸಲ್ಲಿ ತಗೊಂಡೆ ಅಂದ್ರೆ ಮನೇಲಿ ಬೈಯ್ದೇ ಇರ್ತಾರಾ. ಸ್ಟಾರ್ಟ್ ಏನೋ ಆಗೋದು, ಆದ್ರೆ ಆಕ್ಸಿಲರೇಟರ್ ಬಿಟ್ರೂ ಇಂಜಿನ್ ಕಿರುಚ್ತಾನೇ ಇರೋದು, ಕಾರ್ಬೊರೇಟರ್ ಮೂರು ಸಲ ಬಿಚ್ಚಿ ತೊಳೆದೆ, ಕೇಬಲ್ ಬದಲಾಯಿಸ್ದೆ, ಊಹೂಂ.

ಕೊನೆಗೆ ಬೆಂಗಳೂರಿನ ಜೆಸಿ ರೋಡಲ್ಲಿ ಕೇಬಲ್ ಕೇಳ್ತಾ ನಿಂತಿದ್ದಾಗ ಪಕ್ಕದಲ್ಲಿದ್ದ ನೀವು, ಗ್ರೀಸ್ ಕೈ ಒರೆಸ್ಕೊಳ್ತಾ, "ಕ್ರ್ಯಾಂಕ್ ಸೀಲ್, ಅಂದ್ರೆ ಇಂಜಿನ್ ಒಳಗೆ ಗಾಳಿ ನುಗ್ಗದಂಗೆ ತಡೆಯೋ ರಬ್ಬರ್ ರಿಂಗು, ಒಣಗಿರತ್ತೆ ಸಾರ್, ಟೂ ಸ್ಟ್ರೋಕಲ್ವಾ, ಅಲ್ಲಿಂದ ಗಾಳಿ ಎಳ್ಕೊಂಡ್ರೆ ಪೆಟ್ರೋಲ್ ಸಾಲಲ್ಲ, ಹಂಗೇ ಓಡಿಸಿದ್ರೆ ಪಿಸ್ಟನ್ ಹಿಡ್ಕೊಳತ್ತೆ" ಅಂದ್ರಿ. ಎರಡು ಸೀಲ್ ನೀವೇ ಆರಿಸ್ಕೊಟ್ರಿ, ಟೀಗೂ ನಿಲ್ಲಲಿಲ್ಲ. ಹೆಸರು ಕೇಳೋದೇ ಮರ್ತೆ ನೋಡಿ. ಥ್ಯಾಂಕ್ಸ್ ಅಣ್ಣಾ, ನಿನ್ನೆ ಮೊದಲ ಕಿಕ್ಕಿಗೇ ಎದ್ಲು, ಬೈದವರೇ ಹಿಂದೆ ಕೂತು ಒಂದು ರೌಂಡ್ ಬಂದ್ರು.