ಸಂಭವನೀಯತೆ: ನಾಣ್ಯ, ಚೌಕಾಬಾರದಿಂದ ಶುರು ಮಾಡಿ

ಮಾನ್ಯರೇ,

ಸಂಭವನೀಯತೆಯ ಪಾಠ ಹಲವೆಡೆ ಸೂತ್ರದಿಂದಲೇ ಶುರುವಾಗುತ್ತದೆ. ಮಕ್ಕಳು ಭಾಗಿಸುತ್ತಾರೆ, ಊಹಿಸುವುದಿಲ್ಲ. ಮೊದಲು ನಾಲ್ಕು ನಾಣ್ಯ ಚಿಮ್ಮಿಸಿ. ಹೆಡ್‌ಗಳ ಸಂಖ್ಯೆ 0ಯಿಂದ 4, ಅಂದರೆ ಐದು ಬಗೆ. ಹಾಗಾಗಿ ಪ್ರತಿಯೊಂದಕ್ಕೂ 1/5 ಎನ್ನುವುದೇ ಸಾಮಾನ್ಯ ತಪ್ಪು. ನಾಣ್ಯಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ 16 ಸಾಧ್ಯತೆಗಳನ್ನೂ ಬರೆಸಿ: ಎರಡು ಹೆಡ್ 6 ಸಲ, ನಾಲ್ಕೂ ಹೆಡ್ ಒಂದೇ ಸಲ.

ಆಮೇಲೆ ಚೌಕಾಬಾರದ ಹುಣಸೆ ಬೀಜ, ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ನಾಲ್ಕು. ಇಬ್ಬರು ಮಕ್ಕಳ ಜೋಡಿಗೆ 50 ಎಸೆತ, ಪ್ರತಿ ಸಲ ಎಷ್ಟು ಬಿಳಿ ಎಂದು ಬರೆದಿಡಲಿ. ಇಡೀ ತರಗತಿಯ ಲೆಕ್ಕ ಕೂಡಿಸಿ. ಹತ್ತೇ ಎಸೆತಕ್ಕೆ ತೀರ್ಮಾನ ಬೇಡ. ಉಜ್ಜಿದ ಬೀಜ ಎರಡೂ ಕಡೆ ಸಮವಾಗಿ ಬೀಳಲೇಬೇಕೆಂದಿಲ್ಲ (ಕವಡೆಯೂ ಅಷ್ಟೇ). 16ರ ಲೆಕ್ಕ ಹೊಂದದಿದ್ದಾಗ ಬರೆದಿಟ್ಟ ಎಣಿಕೆಯನ್ನೇ ನಂಬಬೇಕು.

– ಗಣಿತ ಶಿಕ್ಷಕರು, ಶಿರಸಿ