ಬೆಳಕು ಚದುರಿಕೆ ಯಂತ್ರದ ಸರ್ವಿಸ್ ಕುರಿತು ದೂರು

ಇಂದ: ಸಂಶೋಧನಾ ವಿದ್ಯಾರ್ಥಿನಿ, ಜೀವರಸಾಯನ ಪ್ರಯೋಗಾಲಯ, ಶಿವಮೊಗ್ಗ
ಗೆ: ವ್ಯವಸ್ಥಾಪಕರು, ಸರ್ವಿಸ್ ವಿಭಾಗ, ಬೆಂಗಳೂರು

ಮಾನ್ಯರೇ,

ದ್ರಾವಣದಲ್ಲಿನ ಕಣಗಳ ಗಾತ್ರವನ್ನು ಬೆಳಕಿನಿಂದ ಅಳೆಯುವ ನಮ್ಮ ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್ ಯಂತ್ರ ಗಾತ್ರವನ್ನು ಹೆಚ್ಚಾಗಿ ತೋರಿಸುತ್ತಿದೆ ಎಂಬ ದೂರನ್ನು ನೀವು ಕಳೆದ ವಾರ ‘ಸ್ಯಾಂಪಲ್‌ನಲ್ಲಿ ಧೂಳಿದೆ’ ಎಂದು ಷರಾ ಬರೆದು ಮುಗಿಸಿದ್ದೀರಿ. ಆ ಷರಾ ತಪ್ಪು.

ಧೂಳಿನ ಕಾಟ ನಮಗೂ ಗೊತ್ತು. ಇಷ್ಟು ಸಣ್ಣ ಕಣಗಳಲ್ಲಿ ಚದುರುವ ಬೆಳಕು ಗಾತ್ರದ ಆರನೇ ಘಾತದಂತೆ ಏರುತ್ತದೆ. 10 ನ್ಯಾನೊಮೀಟರ್ ಪ್ರೋಟೀನಿಗಿಂತ 100 ನ್ಯಾನೊಮೀಟರ್ ಕಣ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು ಬೆಳಕು ಚೆಲ್ಲುತ್ತದೆ. ಅದಕ್ಕೇ ಪ್ರೋಟೀನ್ ಕರಗಿಸುವ ದ್ರಾವಣವಾದ ಬಫರನ್ನು 0.02 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುತ್ತೇವೆ, ಸ್ಯಾಂಪಲ್ ಹಾಕುವ ಪುಟ್ಟ ಪಾತ್ರೆ, ಅಂದರೆ ಕ್ಯುವೆಟ್ ತೊಳೆದು ಬೋರಲು ಹಾಕಿ ಒಣಗಿಸುತ್ತೇವೆ. ಧೂಳಿದ್ದರೆ ಯಂತ್ರ ತೋರಿಸುವ ಬೆಳಕಿನ ಎಣಿಕೆ ನಡುನಡುವೆ ಜಿಗಿಯಬೇಕಿತ್ತು. ನಮ್ಮಲ್ಲಿ ಬರೀ ಬಫರ್ ಇಟ್ಟರೂ ಅದು ಮೇಲೇರಿ ಅಲ್ಲಾಡದೆ ನಿಂತಿದೆ.

ಮಳೆ ಹಿಡಿದ ಮೇಲೆ ಕೋಣೆಯ ತೇವಕ್ಕೆ ಕ್ಯುವೆಟ್ ಕೂರುವ ಜಾಗದ ಗಾಜು ಮಬ್ಬಾಗಿತ್ತು. ನಿಮ್ಮ ಇಂಜಿನಿಯರ್ ಅದನ್ನು ಜೇಬಿನ ಕರ್ಚೀಫಿನಿಂದ ಒರೆಸಿದರು. ಲೆನ್ಸ್ ಪೇಪರ್ ಪಕ್ಕದಲ್ಲೇ ಇತ್ತು. ನಾನು ಕೈಗೆ ಕೊಡುವಷ್ಟರಲ್ಲಿ ಒರೆಸಿ ಆಗಿತ್ತು. ಈಗ ಯಂತ್ರ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದರೆ, ಲೇಸರ್ ಹಾಯುವ ಜಾಗದಲ್ಲೇ ಕೂದಲೆಳೆಯಂಥ ಎರಡು ಗೀರು ಕಾಣುತ್ತವೆ. ಫೋಟೊ ಲಗತ್ತಿಸಿದ್ದೇನೆ.

ಪ್ರೋಟೀನಿನಿಂದ ಬರುವ ಬೆಳಕು ಅಣುಗಳ ಓಡಾಟಕ್ಕೆ ತಕ್ಕಂತೆ ಮಿನುಗುತ್ತದೆ, ಗೀರಿಗೆ ಬಡಿದು ಚದುರುವ ಬೆಳಕು ಮಿನುಗುವುದಿಲ್ಲ. ಎರಡೂ ಬೆರೆತರೆ ಮಿನುಗು ನಿಧಾನವಾದಂತೆ ಕಂಡು, ಕಣದ ಗಾತ್ರ ಎರಡು ಪಟ್ಟಿನವರೆಗೂ ಹಿಗ್ಗಿ ಲೆಕ್ಕ ಬರುತ್ತದೆ. ಸುಮಾರು 7 ನ್ಯಾನೊಮೀಟರ್ ಬರಬೇಕಾದ, ದನದ ರಕ್ತದಿಂದ ಪಡೆದ ಬಿಎಸ್‌ಎ ಪ್ರೋಟೀನ್ ಈಗ 12 ತೋರಿಸುತ್ತಿದೆ. ಯಂತ್ರ ಪರೀಕ್ಷಿಸಲು ನೀವೇ ಕೊಟ್ಟ 100 ನ್ಯಾನೊಮೀಟರ್ ಲೇಟೆಕ್ಸ್ ಮಣಿಗಳು ಕೂಡ 109. ಲೇಟೆಕ್ಸ್ ಜೋರಾಗಿ ಬೆಳಗುವುದರಿಂದ ಅಲ್ಲಿ ತಪ್ಪು ಕಡಿಮೆ ಕಾಣುತ್ತದೆ, ಅಷ್ಟೆ. ಅದರಲ್ಲೂ ನಮ್ಮ ಧೂಳೇ ಇದೆಯೇ?

ನಾನು ಹಲಸಿನ ಬೀಜದ ಜಕಾಲಿನ್ ಎಂಬ ಪ್ರೋಟೀನ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಬಿಸಿಯಾದಾಗ ಅದು ಗುಂಪುಗಟ್ಟುತ್ತದೆಯೇ ಎಂಬುದೇ ನನ್ನ ಪ್ರಶ್ನೆ. 7 ಅನ್ನು 12 ಎನ್ನುವ ಯಂತ್ರ ಅಣುಗಳು ಕೂಡಿದ್ದನ್ನೂ ಗೀರನ್ನೂ ಬೇರೆ ಮಾಡಿ ಹೇಳಲಾರದು. ತೀರ್ಥಹಳ್ಳಿಯಿಂದ ಅಮ್ಮ ಬೂದಿ ಸವರಿ ಕಳಿಸಿದ ಬೀಜಗಳಲ್ಲಿ ಅರ್ಧ ಆಗಲೇ ಖರ್ಚಾಗಿವೆ. ಹೊಸ ಬೀಜಕ್ಕೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಆ ಗಾಜನ್ನು ನಿಮ್ಮ ಖರ್ಚಿನಲ್ಲೇ ಬದಲಿಸಿಕೊಡಿ. ಬಂದವರು ಹೊರಡುವ ಮುನ್ನ ನಮ್ಮೆದುರೇ ಲೇಟೆಕ್ಸ್, ಬಿಎಸ್‌ಎ ಎರಡನ್ನೂ ಅಳೆದು ಆ ಹಾಳೆಗೆ ಸಹಿ ಹಾಕಲಿ. ಹಳೆಯ ಷರಾವನ್ನು ಲಿಖಿತವಾಗಿ ತಿದ್ದಿ. ಮುಂದಿನ ವರ್ಷದ ನಿರ್ವಹಣಾ ಒಪ್ಪಂದಕ್ಕೆ ನಮ್ಮ ಮೇಡಂ ಸಹಿ ಹಾಕುವುದು ಇದಾದ ಮೇಲೆಯೇ.

ಇಂತಿ,
ಸಂಶೋಧನಾ ವಿದ್ಯಾರ್ಥಿನಿ